ಇಡೀ ವಿಮಾನಕ್ಕೇ ಪ್ಯಾರಾಚೂಟ್: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮನೆ ಮಂಗಳೂರು ವಿಮಾನ ನಿಲ್ದಾಣ ಇರುವ ಬಜ್ಪೆ ಕಡೆ. ಸಣ್ಣ ವಿಮಾನಗಳ ಹುಚ್ಚು ಹಿಡಿದು ಬಹಳ ವರ್ಷ ಆಯಿತು, ಮೈಕ್ರೋಲೈಟ್ ಎಂಬ ತೀರಾ ಹಗುರದ ವಿಮಾನ ಹಾರಿಸಲು ಕಲಿತದ್ದು ಊರಿನಿಂದ ಹೊರಗೆ. ಮದುವೆ ಊಟದ ಪಂಕ್ತಿಯಲ್ಲಿ, ಮಂಗಳೂರು ಉಡುಪಿಯ ಶಾಲೆಗಳಿಗೆ ಮಾತಾಡಲು ಹೋದಾಗ, ಆಮೇಲೆ ಬರುವ ಪತ್ರಗಳಲ್ಲಿ, ಜನ ಸುತ್ತಿ ಬಳಸಿ ಕೇಳುವುದು ಪ್ಯಾರಾಚೂಟ್ ಬಗ್ಗೆಯೇ. ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲು ಕೇಳುವ ಪ್ರಶ್ನೆಗಳು

ವಿಮಾನಕ್ಕೇ ಪ್ಯಾರಾಚೂಟ್ ಉಂಟಾ? ನಿಜವಾಗಿಯೂ?

ಉಂಟು. ಪೈಲಟ್ ಬೆನ್ನಿಗೆ ಕಟ್ಟಿಕೊಂಡು ಹಾರುವ ಚೂಟ್ ಅಲ್ಲ ಇದು. ಎಂಜಿನ್, ರೆಕ್ಕೆ, ಸೀಟು, ಸೀಟಿನಲ್ಲಿ ಕೂತವರು, ಎಲ್ಲವನ್ನೂ ಒಟ್ಟಿಗೆ ನೇತುಹಾಕಿಕೊಂಡು ಕೆಳಗೆ ತರುವ ದೊಡ್ಡ ಕೊಡೆ. ಅಮೆರಿಕದ ಬೋರಿಸ್ ಪೊಪೊವ್ ಎಂಬವರು 1975ರಲ್ಲಿ ಹ್ಯಾಂಗ್ ಗ್ಲೈಡರ್ (ಜೋತುಬಿದ್ದು ಹಾರುವ, ಎಂಜಿನ್ ಇಲ್ಲದ ರೆಕ್ಕೆ) ಮುರಿದು ನೂರಾರು ಅಡಿ ಮೇಲಿನಿಂದ ನೀರಿಗೆ ಬಿದ್ದು ಬದುಕಿದರು. ಅವರೇ 1980ರಲ್ಲಿ ಬಾಲಿಸ್ಟಿಕ್ ರಿಕವರಿ ಸಿಸ್ಟಮ್ಸ್ ಎಂಬ ಕಂಪನಿ ಶುರು ಮಾಡಿದರು. 1983ರಲ್ಲಿ ಅವರ ಚೂಟ್ ಮೊದಲ ಜೀವ ಉಳಿಸಿತು. ಆಗ ಇದೆಲ್ಲ ತೀರಾ ಹಗುರದ ಅಲ್ಟ್ರಾಲೈಟ್‌ಗಳಿಗೆ ಮಾತ್ರ. ದೊಡ್ಡ ತಿರುವು ಬಂದದ್ದು 1998ರಲ್ಲಿ. ಆ ವರ್ಷ ಅಮೆರಿಕದಲ್ಲಿ ಪ್ರಮಾಣಪತ್ರ ಪಡೆದ ಸಿರಸ್ ಎಸ್‌ಆರ್20 ವಿಮಾನ ಕಾರ್ಖಾನೆಯಿಂದಲೇ ಪ್ಯಾರಾಚೂಟ್ ಹೊತ್ತು ಬಂತು. ಸಿರಸ್ ಕಂಪನಿ ಕಟ್ಟಿದ ಅಣ್ಣ ತಮ್ಮಂದಿರಲ್ಲಿ ಅಲನ್ ಕ್ಲ್ಯಾಪ್‌ಮೈಯರ್ 1980ರ ದಶಕದಲ್ಲಿ ಆಕಾಶದಲ್ಲೇ ಇನ್ನೊಂದು ವಿಮಾನಕ್ಕೆ ಡಿಕ್ಕಿಯಾಗಿ ಬದುಕಿ ಬಂದವರು. ಆ ದಿನ ಅವರ ಮನಸ್ಸಿನಲ್ಲಿ ಉಳಿದದ್ದೇ ಮುಂದೆ ಈ ನಿರ್ಧಾರಕ್ಕೆ ಕಾರಣವಾಯಿತು.

ಮಲ್ಪೆಯಲ್ಲಿ ಬೋಟ್ ಎಳೆಯುವಾಗ ಮೇಲೆ ಹೋಗ್ತದಲ್ಲ, ಅದೂ ಇದೂ ಒಂದೇ ಅಲ್ವಾ?

ಅಲ್ಲ. ಪ್ಯಾರಾಸೈಲಿಂಗ್‌ನ ಕೊಡೆ ಮೊದಲೇ ಬಿಚ್ಚಿಕೊಂಡಿರುತ್ತದೆ, ಬೋಟ್ ಎಳೆದಷ್ಟು ಹೊತ್ತು ಮೇಲೆ ನಿಲ್ಲುತ್ತದೆ. ವಿಮಾನದ್ದು ಒತ್ತಿ ಒತ್ತಿ ಕಟ್ಟಿದ ಗಂಟು. ಬೇಕಾದ ಗಳಿಗೆಯಲ್ಲಿ ಕೆಲವೇ ಸೆಕೆಂಡಿನಲ್ಲಿ ತೆರೆದುಕೊಳ್ಳಬೇಕು. ಕಷ್ಟ ಇರುವುದೆಲ್ಲ ಆ ಕೆಲವು ಸೆಕೆಂಡಿನಲ್ಲೇ.

ನಾವು ದುಬೈಗೆ ಹೋಗುವ ವಿಮಾನದಲ್ಲಿ ಇದು ಯಾಕಿಲ್ಲ? ದುಡ್ಡು ಉಳಿಸ್ಲಿಕ್ಕಾ?

ದುಡ್ಡಿನ ಪ್ರಶ್ನೆ ಅಲ್ಲ, ತೂಕ ಮತ್ತು ವೇಗದ ಪ್ರಶ್ನೆ. ಈಗಿನ ಸಿರಸ್ ಎಸ್‌ಆರ್22 ತುಂಬಿ ಹೊರಟಾಗ 1,633 ಕೆ.ಜಿ. ತೂಗುತ್ತದೆ. ಅದರ ಕೊಡೆಯ ಅಗಲ 65 ಅಡಿ. ಬಿಡಿಸಿ ನೆಲಕ್ಕೆ ಹಾಸಿದರೆ ಸುಮಾರು ಏಳೂವರೆ ಸೆಂಟ್ಸ್ ಜಾಗ, ಅಂದರೆ ನಮ್ಮಲ್ಲಿ ಒಂದು ಮನೆ ಕಟ್ಟುವ ಸೈಟು. ಬಜ್ಪೆಗೆ ಬರುವ ಬೋಯಿಂಗ್ 737-800ರ ಗರಿಷ್ಠ ತೂಕ ಸುಮಾರು 79 ಟನ್, ಸಿರಸ್‌ನ 48 ಪಟ್ಟು. ಅದೇ ನಿಧಾನದಲ್ಲಿ ಇಳಿಸಬೇಕಾದರೆ ಬಟ್ಟೆಯೂ 48 ಪಟ್ಟು ಬೇಕು. ಮೂರೂಮುಕ್ಕಾಲು ಎಕರೆ ಹತ್ತಿರ ಬಂತು. ಒಂದೇ ಕೊಡೆ ಮಾಡಿದರೆ ಅಗಲ 450 ಅಡಿ.

ಇನ್ನು ವೇಗ. ಸಿರಸ್‌ನ ಚೂಟನ್ನು ಪರೀಕ್ಷಿಸಿ ತೋರಿಸಿದ್ದು ಗಂಟೆಗೆ ಸುಮಾರು 260 ಕಿ.ಮೀ. ತನಕ. ದೊಡ್ಡ ಜೆಟ್ ಮೇಲೆ ಹೋಗುವುದು 800 ದಾಟಿ. ಗಾಳಿಯ ಹೊಡೆತ ವೇಗದ ವರ್ಗದಂತೆ ಏರುತ್ತದೆ, ವೇಗ ಮೂರು ಪಟ್ಟಾದರೆ ಹೊಡೆತ ಒಂಬತ್ತು ಪಟ್ಟು. ಅಷ್ಟನ್ನು ತಡೆಯುವ ಬಟ್ಟೆ ಹೊಲಿದರೂ ಅದು ಕಟ್ಟಿಕೊಂಡಿರುವ ವಿಮಾನದ ಮೈ ತಡೆಯಬೇಕಲ್ಲ. ತಡೆಯುವ ಹಾಗೆ ಮೈಯನ್ನೂ ಗಟ್ಟಿ ಮಾಡಿದರೆ ತೂಕ ಇನ್ನೂ ಏರುತ್ತದೆ, ತೂಕ ಏರಿದರೆ ಕೊಡೆ ಇನ್ನೂ ದೊಡ್ಡದು ಬೇಕು. ಈ ಸುತ್ತು ಮುಗಿಯುವುದೇ ಇಲ್ಲ.

ಹಾಗಾದ್ರೆ ಸೀಟಿನಡಿ ಒಂದೊಂದು ಇಟ್ಟರಾಯ್ತಲ್ವಾ? ಲೈಫ್ ಜಾಕೆಟ್ ಇಡ್ತಾರಲ್ಲ?

35,000 ಅಡಿಯಲ್ಲಿ ಹೊರಗೆ ಸೊನ್ನೆಗಿಂತ 50 ಡಿಗ್ರಿ ಕೆಳಗಿನ ಚಳಿ. ಉಸಿರಾಡಲು ಆಗದಷ್ಟು ತೆಳು ಗಾಳಿ. ಒಳಗಿನ ಒತ್ತಡಕ್ಕೆ ಬಾಗಿಲು ತೆರೆಯಲಿಕ್ಕೇ ಬರುವುದಿಲ್ಲ. ತೆರೆಯಿತು ಅಂತಲೇ ಇಟ್ಟುಕೊಳ್ಳಿ, ಅಜ್ಜಿ, ಕೈಕೂಸು, ಗಾಲಿಕುರ್ಚಿಯವರು ಸೇರಿ 180 ಜನ ಪಟ್ಟಿ ಬಿಗಿದುಕೊಂಡು ಸಾಲಾಗಿ ಹಾರಲು ಎಷ್ಟು ಹೊತ್ತು ಬೇಕು? ವಿಮಾನದಿಂದ ಇಳಿದು ಬ್ಯಾಗ್ ತೆಗೆಯುವಾಗಲೇ ನೋಡಿದ್ದೀರಿ. ಮುಖ್ಯ ಸಂಗತಿ ಬೇರೆಯೇ ಉಂಟು. ದೊಡ್ಡ ವಿಮಾನಗಳ ಅಪಘಾತ ಜಾಸ್ತಿ ಆಗುವುದು ಏರುವಾಗ ಅಥವಾ ಇಳಿಯುವಾಗ. ಆಗ ಹಾರಲು ಎತ್ತರವೇ ಇರುವುದಿಲ್ಲ.

2010ರಲ್ಲಿ ಇಂಥದ್ದು ಇದ್ದಿದ್ದರೆ ಅವರೆಲ್ಲ ಉಳಿಯುತ್ತಿದ್ದರಾ?

ಈ ಪ್ರಶ್ನೆಯನ್ನು ಮನೆಯವರನ್ನು ಕಳೆದುಕೊಂಡವರೂ ನನ್ನಲ್ಲಿ ಕೇಳಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಇಲ್ಲ, ಉಳಿಯುತ್ತಿರಲಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಜ್ಪೆಗೆ ಬಂದ ಆ 737 ವಿಮಾನ ನೆಲ ಮುಟ್ಟಿಯಾಗಿತ್ತು. ಸುಮಾರು 8,000 ಅಡಿ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ಚಕ್ರ ತಾಗಿತು, ಉಳಿದ ಜಾಗ ಸಾಕಾಗದೆ ಗುಡ್ಡದ ತುದಿ ದಾಟಿ ಕೆಂಜಾರಿನ ಕಣಿವೆಗೆ ಹೋಯಿತು. 158 ಜನ ತೀರಿಕೊಂಡರು, 8 ಜನ ಉಳಿದರು. ನೆಲದ ಮೇಲೆ ಓಡುತ್ತಿರುವ ವಿಮಾನಕ್ಕೆ ಚೂಟ್ ಎಂತ ಮಾಡೀತು? ಆ ದಿನ ಜೀವ ಉಳಿಸಬಹುದಾಗಿದ್ದದ್ದು ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು. ಸಹ ಪೈಲಟ್ ಹಾಗಂತ ಮೂರು ಸಲ ಹೇಳಿದ್ದರು ಎಂದು ತನಿಖೆಯ ವರದಿಯಲ್ಲಿದೆ. ಕೂಳೂರು ತಣ್ಣೀರುಬಾವಿ ರಸ್ತೆಯಲ್ಲಿರುವ ಸ್ಮಾರಕದ ಹತ್ತಿರ ಹೋದಾಗಲೆಲ್ಲ ನನಗೆ ಆ ಮೂರು ಸಲದ ಮಾತೇ ನೆನಪಾಗುವುದು.

## ಕೆಲಸ ಮಾಡುವ ರೀತಿ

ಹಿಡಿ ಎಳೆದ ಮೇಲೆ ಎಂತ ಆಗ್ತದೆ?

ಸಿರಸ್‌ನಲ್ಲಿ ಕೆಂಪು ಹಿಡಿ ಪೈಲಟ್‌ನ ತಲೆಯ ಮೇಲೆ, ಸೂರಿನಲ್ಲಿ ಇದೆ. ಎರಡೂ ಕೈಯಿಂದ ಹಿಡಿದು, ಕಂಬಿಗೆ ಜೋತುಬಿದ್ದ ಹಾಗೆ ಕೆಳಗೆ ಎಳೆಯಬೇಕು. 20 ಕೆ.ಜಿ.ಯಷ್ಟು ಬಲ ಬೇಕಾಗಬಹುದು. ಎಳೆದ ಕೂಡಲೇ ಹಿಂಬದಿಯಲ್ಲಿರುವ ಸಣ್ಣ ಘನ ಇಂಧನದ ರಾಕೆಟ್ ಹೊತ್ತಿ, ಮುಚ್ಚಳ ಕಿತ್ತು, ಚೂಟಿನ ಚೀಲವನ್ನು ಎಳೆದುಕೊಂಡು ಹೋಗುತ್ತದೆ. ರಾಕೆಟ್ ಯಾಕೆ ಬೇಕು ಅಂದರೆ, ವಿಮಾನ ಗಿರಗಿರ ಸುತ್ತುತ್ತಿದ್ದರೂ ಹಗ್ಗಗಳು ಬಾಲಕ್ಕೋ ರೆಕ್ಕೆಗೋ ಸುತ್ತಿಕೊಳ್ಳುವ ಮೊದಲು ಬಿಗಿಯಾಗಬೇಕು.

ಆಮೇಲಿನದ್ದು ನನಗೆ ತುಂಬ ಇಷ್ಟವಾದ ಭಾಗ. ಕೊಡೆ ಒಮ್ಮೆಲೇ ಫಟ್ ಅಂತ ತೆರೆದರೆ ಹಗ್ಗ ಹರಿಯುತ್ತದೆ. ಅದಕ್ಕೆ ಹಗ್ಗಗಳಿಗೆ ಸ್ಲೈಡರ್ ಎಂಬ ಬಳೆಯಂಥದ್ದು ಹಾಕಿರುತ್ತಾರೆ. ವೇಗ ಜಾಸ್ತಿ ಇದ್ದಾಗ ಅದು ಕೊಡೆಯ ಬಾಯಿ ಹಿಡಿದುಕೊಂಡಿರುತ್ತದೆ, ವೇಗ ಇಳಿದ ಹಾಗೆ ತಾನೂ ಕೆಳಗೆ ಜಾರಿ ಬಾಯಿ ಅಗಲ ಮಾಡುತ್ತದೆ. ಮೊದಲು ವಿಮಾನ ಮೂಗು ಕೆಳಗಾಗಿ ನೇತಾಡುತ್ತದೆ. ಎಂಟು ಸೆಕೆಂಡಿನ ಬಳಿಕ ಸಣ್ಣ ಸಿಡಿಕತ್ತರಿಗಳು ಒಂದು ಕಟ್ಟನ್ನು ಕತ್ತರಿಸುತ್ತವೆ, ವಿಮಾನವನ್ನು ಚೂಟಿಗೆ ಕಟ್ಟಿದ ಪಟ್ಟಿಗಳಲ್ಲಿ ಹಿಂದಿನದ್ದು ಉದ್ದವಾಗಿ ವಿಮಾನ ಸಮತಟ್ಟಾಗುತ್ತದೆ. ಈ ಪಟ್ಟಿಗಳು ತುಂಬ ಗಟ್ಟಿ ನಾರಾದ ಕೆವ್ಲಾರ್‌ನವು. ಮಾಮೂಲಿ ದಿನಗಳಲ್ಲಿ ವಿಮಾನದ ಚರ್ಮದ ಅಡಿಯಲ್ಲಿ ಹುದುಗಿರುತ್ತವೆ, ಹೊರಗಿನಿಂದ ಕಾಣಿಸುವುದಿಲ್ಲ.

ಮತ್ತೆ ಮೆಲ್ಲ ತೇಲಿಕೊಂಡು ಇಳೀತದಾ?

ದೂರದಿಂದ ಹಾಗೆ ಕಾಣುತ್ತದೆ. ಒಳಗೆ ಕೂತವರಿಗೆ ಹಾಗಲ್ಲ. ನಿಮಿಷಕ್ಕೆ ಸುಮಾರು 1,700 ಅಡಿ, ಅಂದರೆ ಗಂಟೆಗೆ 31 ಕಿ.ಮೀ. ವೇಗದಲ್ಲಿ ನೇರ ಕೆಳಗೆ ಬರುತ್ತದೆ. 13 ಅಡಿ ಎತ್ತರದಿಂದ ಬಿದ್ದಷ್ಟು ಪೆಟ್ಟು. ಮನೆಯ ತಾರಸಿಯಿಂದ ವಿಮಾನ ಸಮೇತ ಬಿದ್ದ ಹಾಗೆ ಅಂದುಕೊಳ್ಳಿ. ಆ ಪೆಟ್ಟು ತಿನ್ನಲಿಕ್ಕೆಂದೇ ಚಕ್ರದ ಕಾಲುಗಳು ಮುರಿದು ಅಗಲವಾಗುತ್ತವೆ, ಸೀಟಿನಡಿ ಜೇನುಗೂಡಿನಂಥ ಪದರ ಜಜ್ಜಿಹೋಗುತ್ತದೆ. ವಿಮಾನ ಹೆಚ್ಚಾಗಿ ಗುಜರಿಗೆ. ಬೆನ್ನು ನೋವು ಬರಬಹುದು, ಬೆನ್ನೆಲುಬಿಗೆ ಪೆಟ್ಟೂ ಆಗಬಹುದು. ಚೂಟ್ ಬಿಚ್ಚಿದ ಮೇಲೆ ಪೈಲಟ್‌ಗೆ ಬಾಕಿ ಇರುವ ಕೆಲಸ ಇಂಧನ ನಿಲ್ಲಿಸುವುದು, ಎಲ್ಲರ ಬೆಲ್ಟ್ ಬಿಗಿಸುವುದು, ರೇಡಿಯೋದಲ್ಲಿ ತಿಳಿಸುವುದು, ಅಷ್ಟೇ.

ಸಮುದ್ರಕ್ಕೆ ಬಿದ್ದರೆ ಒಳ್ಳೆಯದಲ್ವಾ? ನೀರು ಮೆತ್ತಗಲ್ವಾ?

ನಮ್ಮ ಕಡೆಯವರೆಲ್ಲ ಹೀಗೇ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ನಿಜ ಸಂಗತಿ ತಲೆಕೆಳಗು. ಗಟ್ಟಿ ನೆಲದಲ್ಲಿ ಚಕ್ರದ ಕಾಲು ಮುರಿದು ಪೆಟ್ಟು ತಿನ್ನುತ್ತದೆ. ನೀರಿನಲ್ಲಿ ಕಾಲು ಸುಮ್ನೆ ಒಳಗೆ ಹೋಗುತ್ತದೆ, ಅಗಲದ ಹೊಟ್ಟೆ ನೇರ ನೀರಿಗೆ ಬಡಿಯುತ್ತದೆ. 2005ರಲ್ಲಿ ನ್ಯೂಯಾರ್ಕ್ ಹತ್ತಿರ ಹಡ್ಸನ್ ನದಿಗೆ ಹೀಗೆ ಇಳಿದ ಪೈಲಟ್‌ನ ಬೆನ್ನೆಲುಬು ಮುರಿದಿತ್ತು, ಜೀವ ಉಳಿಯಿತು. ಹಾಗಂತ ಸಮುದ್ರದಲ್ಲಿ ಕೆಲಸ ಮಾಡುವುದಿಲ್ಲ ಎಂದಲ್ಲ. 2015ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಿಂದ ಹವಾಯಿಗೆ ಹೊರಟ ಸಿರಸ್‌ಗೆ ಹೆಚ್ಚುವರಿ ಟ್ಯಾಂಕಿನ ಇಂಧನ ಬಾರದೆ ದಾರಿಯಲ್ಲೇ ಖಾಲಿಯಾಯಿತು. ಪೈಲಟ್ ಮೊದಲೇ ತಿಳಿಸಿದ್ದರು, ಹತ್ತಿರದ ಪ್ರವಾಸಿ ಹಡಗಿನ ಕಡೆಗೆ ಹೋಗಿ ಚೂಟ್ ಎಳೆದರು, ತೇಲುವ ದೋಣಿಗೆ ಹತ್ತಿದರು. ಅಲ್ಲಿನ ಕರಾವಳಿ ಕಾವಲು ಪಡೆ ಮೇಲಿನಿಂದ ಅದನ್ನೆಲ್ಲ ಚಿತ್ರೀಕರಿಸಿದೆ. ಪೈಲಟ್‌ಗೆ ಪೆಟ್ಟೇ ಆಗಲಿಲ್ಲ.

ತೆಂಗಿನ ತೋಟಕ್ಕೋ ಕರೆಂಟ್ ಲೈನಿಗೋ ಬಿದ್ದರೆ?

ಬೀಳಬಹುದು. ಈ ಕೊಡೆಗೆ ದಿಕ್ಕು ತೋರಿಸಲು ಆಗುವುದಿಲ್ಲ, ಗಾಳಿ ಒಯ್ದಲ್ಲಿಗೆ ಹೋಗುತ್ತದೆ. ಮರಕ್ಕೆ ಸಿಕ್ಕಿಬಿದ್ದು ಬದುಕಿದವರು ಎಷ್ಟೋ ಜನ ಇದ್ದಾರೆ. ಕರೆಂಟ್ ಲೈನು ನಿಜವಾದ ಅಪಾಯ. ನೆಲ ಮುಟ್ಟಿದ ಮೇಲೂ ಒಂದು ಎಚ್ಚರ ಬೇಕು. ಮಧ್ಯಾಹ್ನದ ಕಡಲ ಗಾಳಿ ಜೋರಾಗಿದ್ದರೆ ಕೊಡೆ ವಿಮಾನವನ್ನು ಎಳೆದುಕೊಂಡು ಹೋಗುತ್ತದೆ. ಇಳಿದವರು ಗಾಳಿ ಬರುವ ಕಡೆಗೆ ಓಡಬೇಕು, ಕೊಡೆ ಇರುವ ಕಡೆಗಲ್ಲ.

## ನಂಬಬಹುದಾ?

ನೂರಕ್ಕೆ ನೂರು ಗ್ಯಾರಂಟಿಯಾ?

ಇಲ್ಲ. ಆದರೆ ತಪ್ಪು ಎಲ್ಲಿ ಆಗುತ್ತದೆ ಎಂದು ತಿಳಿದರೆ ಆಶ್ಚರ್ಯವಾಗುತ್ತದೆ. ಸಿರಸ್ ವಿಮಾನಗಳಲ್ಲಿ ಇದುವರೆಗೆ 120ಕ್ಕೂ ಜಾಸ್ತಿ ಸಲ ಚೂಟ್ ಬಿಚ್ಚಿ 250ಕ್ಕೂ ಜಾಸ್ತಿ ಜನ ಬದುಕಿದ್ದಾರೆ. ಮೊದಲನೆಯದು 2002ರ ಅಕ್ಟೋಬರಿನಲ್ಲಿ, ಟೆಕ್ಸಾಸ್‌ನಲ್ಲಿ. ರಿಪೇರಿ ಮುಗಿಸಿ ಹೊರಟ ವಿಮಾನದ ರೆಕ್ಕೆಯ ಎಲೆರಾನ್, ಅಂದರೆ ವಿಮಾನವನ್ನು ಬದಿಗೆ ವಾಲಿಸುವ ಹಲಗೆ, ಕಳಚಿಕೊಂಡಿತ್ತು. 2021ರ ಮೇ ತಿಂಗಳಲ್ಲಿ ಡೆನ್ವರ್ ಹತ್ತಿರ ಸಿರಸ್ ಒಂದು ಅವಳಿ ಎಂಜಿನ್ ವಿಮಾನದ ಬೆನ್ನು ಸೀಳಿಕೊಂಡು ಹೋಯಿತು, ಆಮೇಲೆ ಚೂಟಿನಲ್ಲಿ ಇಳಿಯಿತು. ಎರಡೂ ವಿಮಾನಗಳಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ.

ಸೋತದ್ದೂ ಇದೆ. ಶುರುವಿನ ದಿನಗಳಲ್ಲಿ ಹಿಡಿ ಎಳೆದರೂ ರಾಕೆಟ್ ಹೊರಡದ ಪ್ರಸಂಗ ನಡೆದು, ಎಳೆಯುವ ಕೇಬಲ್ಲಿನ ವ್ಯವಸ್ಥೆ ಬದಲಿಸಬೇಕಾಯಿತು. ಮಿತಿ ಮೀರಿದ ವೇಗದಲ್ಲಿ ಎಳೆದು ಚೂಟ್ ಕಿತ್ತುಹೋದದ್ದುಂಟು. ತೀರಾ ಕೆಳಗೆ ಬಂದ ಮೇಲೆ ಎಳೆದು ಕೊಡೆ ಪೂರ್ತಿ ತೆರೆಯದೇ ಹೋದದ್ದುಂಟು. ಇವುಗಳಿಗಿಂತಲೂ ದೊಡ್ಡ ಗುಂಪು ಇನ್ನೊಂದಿದೆ. ಹಿಡಿ ತಲೆಯ ಮೇಲೆಯೇ ಇತ್ತು, ಎತ್ತರವೂ ಇತ್ತು, ಆದರೆ ಎಳೆಯಲೇ ಇಲ್ಲ. ನಾನು ಓದಿದ ವರದಿಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ಇವೇ.

ಎಷ್ಟು ಎತ್ತರ ಬೇಕು?

65 ಅಡಿ ಕೊಡೆಯ ಮಾದರಿಯಲ್ಲಿ, ನೇರ ಹಾರುವಾಗ ಎಳೆದರೆ ಚೂಟ್ ಹಿಡಿದುಕೊಳ್ಳುವ ಮೊದಲು ಸುಮಾರು 560 ಅಡಿ ಕಳೆದುಹೋಗುತ್ತದೆ. ವಿಮಾನ ಒಂದು ಸುತ್ತು ಸ್ಪಿನ್ ಆಗಿದ್ದರೆ, ಅಂದರೆ ಗಿರಗಿರ ಸುತ್ತುತ್ತ ಬೀಳತೊಡಗಿದ್ದರೆ, 1,080 ಅಡಿ. ಆದ್ದರಿಂದ ನೆಲದಿಂದ 600 ಅಡಿ ದಾಟುವಾಗ ಪೈಲಟ್ ಬಾಯಿಬಿಟ್ಟು ಹೇಳಿಕೊಳ್ಳಬೇಕು, ಇನ್ನು ಚೂಟ್ ಉಂಟು ಅಂತ.

ನೆಲದಿಂದ ಎಂಬ ಮಾತಿಗೆ ಗಮನ ಕೊಡಿ. ಎತ್ತರದ ಮೀಟರ್ ತೋರಿಸುವುದು ಸಮುದ್ರ ಮಟ್ಟದಿಂದ. ಮಲ್ಪೆ ಮೇಲೆ 2,600 ಅಡಿಯಲ್ಲಿ ಇದ್ದರೆ ಕೆಳಗೆ 2,600 ಅಡಿ ಗಾಳಿ ಉಂಟು. ಅದೇ ಎತ್ತರದಲ್ಲಿ ಪೂರ್ವಕ್ಕೆ ಹೋದರೆ ಆಗುಂಬೆ ಘಟ್ಟದ ತಲೆಯ ಮೇಲೆ ಉಳಿಯುವುದು 500 ಅಡಿ. ಕುದುರೆಮುಖ ಶಿಖರ 1,894 ಮೀಟರ್, ಅಂದರೆ 6,200 ಅಡಿ ದಾಟುತ್ತದೆ. ಹತ್ತು ಹದಿನೈದು ನಿಮಿಷದ ಹಾರಾಟದಲ್ಲಿ ಚೂಟ್ ಕೆಲಸ ಮಾಡುವ ಜಾಗದಿಂದ ಮಾಡದ ಜಾಗಕ್ಕೆ ಬಂದುಬಿಡುತ್ತೀರಿ, ಮೀಟರಿನ ಮುಳ್ಳು ಅಲ್ಲಾಡದೇ ಇದ್ದರೂ.

ಚೂಟ್ ಉಂಟು ಅಂತ ಪೈಲಟ್‌ಗಳಿಗೆ ಧೈರ್ಯ ಜಾಸ್ತಿ ಆಗುದಿಲ್ವಾ?

ಮೊದಲ ಹತ್ತು ವರ್ಷ ಈ ಸಂಶಯ ಎಲ್ಲರಿಗೂ ಇತ್ತು. ಚೂಟ್ ಇದ್ದರೂ ಸಿರಸ್‌ನ ಸಾವಿನ ಲೆಕ್ಕ ಬೇರೆ ಸಣ್ಣ ವಿಮಾನಗಳಿಗಿಂತ ಚೆನ್ನಾಗೇನೂ ಇರಲಿಲ್ಲ. ಹೊಸ ಬಟ್ಟೆ ತಂದು ಇದನ್ನು ಸರಿಮಾಡಿದ್ದಲ್ಲ, ಹೊಸ ಪಾಠದಿಂದ ಸರಿಯಾಯಿತು. ತುರ್ತು ಬಂದಾಗ ಮೊದಲು ಎಲ್ಲ ಪ್ರಯತ್ನ ಮಾಡಿ ಕೊನೆಗೆ ಚೂಟ್ ಎಂದು ಕಲಿಸುತ್ತಿದ್ದರು. ಅದನ್ನು ತಿರುಗಿಸಿ, ಮೊದಲು ಚೂಟಿನ ಯೋಚನೆ ಮಾಡಿ ಎಂದು ಕಲಿಸತೊಡಗಿದರು. ಮಾಲೀಕರ ಸಂಘದವರೂ ಕಂಪನಿಯವರೂ ಸೇರಿ ಇದನ್ನೇ ಜಪಿಸಿದರು. 2014ರಲ್ಲಿ ಚೂಟಿನಿಂದ ಉಳಿದ ಪ್ರಸಂಗಗಳು ಸಾವಿನ ಅಪಘಾತಗಳನ್ನು ಮೀರಿದವು. ಚೂಟ್ ಅದೇ, ಎಳೆಯುವ ಮನಸ್ಸು ಬದಲಾಗಿತ್ತು.

ಎಂಜಿನ್ ಮಾತ್ರ ನಿಂತರೆ ಗದ್ದೆಯಲ್ಲಿ ಇಳಿಸಬಹುದಲ್ಲ? ಅಷ್ಟಕ್ಕೆಲ್ಲ ಎಳೆಯಬೇಕಾ?

ಎದುರಿಗೆ ರನ್‌ವೇ ಇದ್ದರೆ ಇಳಿಸಿ. ಗದ್ದೆಯ ಮಾತಾದರೆ, ಒಮ್ಮೆ ನಮ್ಮ ಗದ್ದೆ ನೆನಪು ಮಾಡಿಕೊಳ್ಳಿ. ಹತ್ತಿಪ್ಪತ್ತು ಹೆಜ್ಜೆಗೊಂದು ಕಟ್ಟಹುಣಿ (ಗದ್ದೆಯ ಬದು), ಅಂಚಿಗೆ ಅಡಿಕೆ ತೆಂಗು, ಆಚೆ ಮುರಕಲ್ಲಿನ ಗುಡ್ಡ. ಮೇಲಿನಿಂದ ಹಸಿರು ಹಾಸಿದ ಹಾಗೆ ಕಾಣುತ್ತದೆ, ಅಷ್ಟೇ. ಗಂಟೆಗೆ ನೂರು ಕಿ.ಮೀ. ದಾಟಿದ ವೇಗದಲ್ಲಿ ಕಟ್ಟಹುಣಿಗೆ ಗುದ್ದುವುದಕ್ಕೂ, 31 ಕಿ.ಮೀ. ವೇಗದಲ್ಲಿ ನೇರ ಕೆಳಗೆ ಬರುವುದಕ್ಕೂ ಇರುವ ವ್ಯತ್ಯಾಸವೇ ಜೀವ. ನನ್ನ ಮಟ್ಟಿಗೆ ಕರಾವಳಿಯಲ್ಲಿ ಉತ್ತರ ಸ್ಪಷ್ಟ, ಎಳೆಯಬೇಕು. ವಿಮಾನ ಹೋಯಿತಲ್ಲ ಎಂದು ಕೊರಗುವವರು ಕೊರಗಲಿ.

## ಊರಿನ ಪ್ರಶ್ನೆಗಳು

ನಮ್ಮ ಮಳೆಗಾಲದ ತೇವಕ್ಕೆ ಬಟ್ಟೆ ಹಾಳಾಗುದಿಲ್ವಾ?

ಆಗುತ್ತದೆ. ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟಿಗೂ ಬೂಸ್ಟು ಬರುವ ಊರು ಇದು. ಚೂಟನ್ನು ಯಂತ್ರದಲ್ಲಿ ಒತ್ತಿ ಮರದ ದಿಮ್ಮಿಯಷ್ಟು ಗಟ್ಟಿ ಮಾಡಿ ಕಟ್ಟಿರುತ್ತಾರೆ. ತೇವ ಸೇರಿದರೆ ನೈಲಾನ್ ಸೊರಗುತ್ತದೆ, ಉಪ್ಪು ಗಾಳಿಗೆ ಕೇಬಲ್ಲಿನ ತಂತಿ ತುಕ್ಕು ಹಿಡಿಯುತ್ತದೆ. ಆದ್ದರಿಂದಲೇ ಅವಧಿ ಇಟ್ಟಿರುವುದು. ಸಿರಸ್‌ನ ಚೂಟ್ ಮತ್ತು ರಾಕೆಟ್ ಹತ್ತು ವರ್ಷಕ್ಕೊಮ್ಮೆ ಬದಲಾಗಬೇಕು, ಮೈಕ್ರೋಲೈಟ್‌ಗಳ ಎಷ್ಟೋ ಚೂಟ್‌ಗಳನ್ನು ಐದಾರು ವರ್ಷಕ್ಕೆ ಬಿಚ್ಚಿ ಮತ್ತೆ ಕಟ್ಟಬೇಕು. ನಾನು ಒಮ್ಮೆ ಹಾರಲು ಹೋದ ಒಂದು ಕಡೆ ಪೆಟ್ಟಿಗೆಯ ಮೇಲಿನ ಚೀಟಿ ಓದಿದರೆ ಅವಧಿ ಮುಗಿದು ಎರಡು ವರ್ಷ ಆಗಿತ್ತು. ಕೇಳಿದ್ದಕ್ಕೆ, ಇದುವರೆಗೆ ಬೇಕಾಗಿಲ್ಲ ಅಂದರು. ನಾನು ಹಾರದೆ ವಾಪಸು ಬಂದೆ. ಇವತ್ತಿಗೂ ಅದು ಸರಿಯಾದ ತೀರ್ಮಾನ ಎಂದೇ ನಂಬಿದ್ದೇನೆ.

ಇಂಥ ವಿಮಾನ ಬಿದ್ದರೆ ಓಡಿ ಹೋಗಿ ಎಳೆದು ತೆಗೆಯಬಹುದಾ?

ನಮ್ಮ ಜನ ಓಡಿಯೇ ಓಡುತ್ತಾರೆ. 2010ರಲ್ಲಿ ಮೊದಲು ಹೋದವರು ಕೆಂಜಾರಿನ ಊರವರೇ. ಸಹಾಯ ಮಾಡಿ, ಆದರೆ ಇದೊಂದು ತಿಳಿದಿರಲಿ. ಚೂಟ್ ಬಿಚ್ಚದೆ ಬಿದ್ದಿದ್ದರೆ ಒಳಗೆ ರಾಕೆಟ್ ಇನ್ನೂ ಜೀವಂತ ಇರುತ್ತದೆ. ಮೈ ಮುರಿದು ಕೇಬಲ್ ಬಿಗಿದುಕೊಂಡಿದ್ದರೆ ಸ್ವಲ್ಪ ಅಲುಗಿದರೂ ಹಾರಬಹುದು. ವಿಮಾನದ ಮೈಮೇಲೆ ರಾಕೆಟ್ ಅಥವಾ ಪ್ಯಾರಾಚೂಟ್ ಎಂಬ ಎಚ್ಚರಿಕೆಯ ಚೀಟಿ ಕಂಡರೆ ಅದರ ಎದುರು ನಿಲ್ಲಬೇಡಿ, ಅದರ ಮೇಲೆ ಬಾಗಬೇಡಿ, ಆ ಭಾಗ ಕತ್ತರಿಸಬೇಡಿ. ಜನರನ್ನು ಬದಿಯಿಂದ ತೆಗೆಯಿರಿ. ಅಗ್ನಿಶಾಮಕದವರು ಬಂದ ಕೂಡಲೇ ಚೀಟಿ ಎಲ್ಲಿದೆ ಎಂದು ಅವರಿಗೆ ತೋರಿಸಿ.

## ಸ್ವಲ್ಪ ಆಳದ ಪ್ರಶ್ನೆಗಳು

ಜೆಟ್‌ಗೆ ಆಗುವುದಿಲ್ಲ ಅಂದಿರಿ, ಒಂದು ಜೆಟ್‌ನಲ್ಲಿ ಉಂಟು ಅಂತ ಓದಿದ್ದೇನಲ್ಲ?

ಸರಿಯಾಗಿಯೇ ಓದಿದ್ದೀರಿ. 2016ರಲ್ಲಿ ಪ್ರಮಾಣಪತ್ರ ಪಡೆದ ಸಿರಸ್ ವಿಷನ್ ಜೆಟ್. ಒಂದೇ ಎಂಜಿನ್, ಏಳು ಸೀಟು. ಚೂಟ್ ಇರುವುದು ಮೂಗಿನಲ್ಲಿ. ಜೆಟ್ ವೇಗದಲ್ಲಿ ಕೊಡೆ ತೆರೆಯಲಾಗದು, ಆದ್ದರಿಂದ ಹಿಡಿ ಎಳೆದಾಗ ವೇಗ ಜಾಸ್ತಿ ಇದ್ದರೆ ಆಟೋಪೈಲಟ್ ಮೊದಲು ವಿಮಾನವನ್ನು ನಿಧಾನ ಮಾಡಿ, ಆಮೇಲೆ ರಾಕೆಟ್ ಬಿಡುತ್ತದೆ. 2022ರಲ್ಲಿ ಫ್ಲೋರಿಡಾದಲ್ಲಿ ಮೊದಲ ಸಲ ಬಳಕೆಯಾಯಿತು, ಒಳಗಿದ್ದವರು ಬದುಕಿದರು.

ಹೆಲಿಕಾಪ್ಟರ್‌ಗೆ?

ಮೇಲೆ ರೋಟರ್ ತಿರುಗುತ್ತಿರುತ್ತದೆ, ಹಗ್ಗ ಹೋಗುವ ದಾರಿಯೇ ಅದು. ಎಂಜಿನ್ ನಿಂತರೂ ಕೆಳಗಿನಿಂದ ಬರುವ ಗಾಳಿಗೆ ರೋಟರ್ ತಿರುಗುತ್ತಲೇ ಇರುತ್ತದೆ, ಅದರ ಮೇಲೆಯೇ ಇಳಿಸಲು ಪೈಲಟ್‌ಗೆ ಕಲಿಸಿರುತ್ತಾರೆ.

ಗಗನಯಾನದ ಕ್ಯಾಪ್ಸೂಲ್ ಚೂಟಿನಲ್ಲೇ ಸಮುದ್ರಕ್ಕೆ ಇಳೀತದೆ, ವಿಮಾನಕ್ಕೆ ಮಾತ್ರ ಯಾಕಾಗುದಿಲ್ಲ?

ಕಾಲೇಜು ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ, ತುಂಬ ಒಳ್ಳೆಯದು. ಇಸ್ರೋ 2025ರ ಆಗಸ್ಟಿನಲ್ಲಿ ಹೆಲಿಕಾಪ್ಟರಿನಿಂದ ಬೀಳಿಸಿ ಪರೀಕ್ಷಿಸಿದ ಮಾದರಿ ಐದು ಟನ್ ಹತ್ತಿರ ಇತ್ತು. ಅದಕ್ಕೆ ಹತ್ತು ಚೂಟ್‌ಗಳ ಸಾಲು. ಸಣ್ಣವು ಮೊದಲು ತೆರೆದು ವೇಗ ಇಳಿಸುತ್ತವೆ, ಕೊನೆಗೆ ಮೂರು ದೊಡ್ಡವು. ಅದು ಗುಂಡುಕಲ್ಲಿನಂಥ ಗಟ್ಟಿ ವಸ್ತು, ಚೂಟಿಗೆಂದೇ ಕಟ್ಟಿದ್ದು, ಯಾವಾಗ ತೆರೆಯಬೇಕು ಎಂಬುದೂ ಮೊದಲೇ ಗೊತ್ತು. ದೊಡ್ಡ ತೂಕದ ಉದಾಹರಣೆ ಬೇಕಾದರೆ ಅಮೆರಿಕದ ಸ್ಪೇಸ್ ಶಟಲ್‌ನ ಬೂಸ್ಟರ್ ನೋಡಿ. ಖಾಲಿಯಾದ ಮೇಲೆ ತುಂಬಿದ 737ಕ್ಕಿಂತ ಕಮ್ಮಿ ತೂಕವೇನಲ್ಲ. 136 ಅಡಿ ಅಗಲದ ಮೂರು ಚೂಟ್ ಹಾಕಿದರೂ ಅದು ನೀರಿಗೆ ಬಡಿಯುತ್ತಿದ್ದದ್ದು ಗಂಟೆಗೆ 80 ಕಿ.ಮೀ. ವೇಗದಲ್ಲಿ. ಉಕ್ಕಿನ ಕೊಳವೆ ಅದನ್ನು ತಡೆದೀತು. ಸೀಟಿನಲ್ಲಿ ಕೂತ ಮನುಷ್ಯರ ಬೆನ್ನು ತಡೆಯುವುದಿಲ್ಲ.

ನನ್ನ ಮಗ ಹಾರಲು ಕಲೀಬೇಕು ಅಂತಿದ್ದಾನೆ. ಚೂಟ್ ಇರುವ ವಿಮಾನವೇ ಬೇಕು ಅನ್ನಲಾ? ಹೋಗಿ ಎಂತ ಕೇಳಲಿ?

ಸಿಕ್ಕರೆ ಅದನ್ನೇ ಆರಿಸಿ. ಜರ್ಮನಿಯಲ್ಲಿ ರೆಕ್ಕೆಯ ಅಲ್ಟ್ರಾಲೈಟ್‌ಗಳಿಗೆ ಇದು ಕಡ್ಡಾಯ, ನಮ್ಮಲ್ಲಿ ಕೇಳಿ ಪಡೆಯಬೇಕು. ಮೂರು ಸಂಗತಿ ವಿಚಾರಿಸಿ. ಚೂಟಿನ ಮೇಲಿನ ಚೀಟಿಯಲ್ಲಿ ಯಾವ ತಾರೀಖಿದೆ? ಹಿಡಿಗೆ ಹಾಕಿದ ಸುರಕ್ಷತೆಯ ಪಿನ್ನನ್ನು ಹಾರುವ ಮೊದಲು ಯಾರು ತೆಗೆಯುತ್ತಾರೆ, ತೆಗೆದದ್ದನ್ನು ಯಾರು ನೋಡುತ್ತಾರೆ? ಯಾವ ಎತ್ತರದಲ್ಲಿ, ಯಾವ ಕಾರಣಕ್ಕೆ ಎಳೆಯಬೇಕೆಂದು ಮೊದಲ ವಾರವೇ ಕಲಿಸುತ್ತಾರಾ? ಮೂರನೆಯದಕ್ಕೆ ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

ಮಗನಿಗೆ ಒಂದು ಅಭ್ಯಾಸ ಮಾಡಿಸಿ. ನೆಲದಲ್ಲಿ ನಿಂತ ವಿಮಾನದಲ್ಲಿ, ಪಿನ್ನು ಹಾಕಿಕೊಂಡೇ, ಕಣ್ಣು ಮುಚ್ಚಿ ಕೈಯನ್ನು ಹಿಡಿಯ ತನಕ ಒಯ್ಯುವುದು. ದಿನಾ ಹತ್ತು ಸಲ, ಎಳೆಯುವುದು ಬೇಡ. ಮುಂದೆ ಒಂದು ದಿನ ನೀವೇ ಅವನ ಪಕ್ಕದ ಸೀಟಿನಲ್ಲಿ ಕೂರುತ್ತೀರಿ ಅಲ್ವಾ? ಆಗ ಅವನಿಗೆ ಎಚ್ಚರ ತಪ್ಪಿದರೆ ಎಳೆಯಬೇಕಾದವರು ನೀವು. ಹಿಡಿ ಎಲ್ಲಿದೆ, ಎಷ್ಟು ಗಟ್ಟಿಯಾಗಿ ಎಳೆಯಬೇಕು ಎಂದು ಹೊರಡುವ ಮೊದಲು ಅವನ ಬಾಯಿಂದಲೇ ಹೇಳಿಸಿಕೊಳ್ಳಿ.